ಮೊದಲು ನಡೆಸಿ ನೋಡಿ, ಆಮೇಲೆ ಕರೆಂಟ್ ಕೊಡಿ

ಮಾನ್ಯ ಸಂಪಾದಕರೇ,

ನಾನು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್. ಓದಿದ್ದು ಮೈಸೂರಿನಲ್ಲಿ, ಕೆಲಸ ಶುರು ಮಾಡಿದ್ದೂ ಅಲ್ಲೇ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸುತ್ತಮುತ್ತಲ ಹಳ್ಳಿಯವರು. ನಾಟಿ, ಕಳೆ ಅಂತ ಗದ್ದೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡವರು, ಕಬ್ಬು ಕಡಿಯುವವರು, ಆಲೆಮನೆಯಲ್ಲಿ ದುಡಿಯುವವರು, ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದವರು. ಇವರ ಪರವಾಗಿ ಒಂದು ಮಾತು ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ಮಾತು ಇಷ್ಟು. ಫಿಸಿಯೋಥೆರಪಿಗೆ ಬಂದವರು ಹೇಗೆ ನಡೆಯುತ್ತಾರೆ, ಹೇಗೆ ಕೂತು ಏಳುತ್ತಾರೆ, ಮೆಟ್ಟಿಲು ಹೇಗೆ ಹತ್ತುತ್ತಾರೆ ಅಂತ ಕಣ್ಣಾರೆ ನೋಡದೆ ಯಾರೂ ಚಿಕಿತ್ಸೆ ಶುರು ಮಾಡಬಾರದು.

ಇದೇನು ದೊಡ್ಡ ವಿಷಯ, ಎಲ್ಲರೂ ನೋಡೇ ನೋಡುತ್ತಾರಲ್ಲ ಅಂತ ಓದುಗರಿಗೆ ಅನ್ನಿಸಬಹುದು. ನೋಡುವುದಿಲ್ಲ. ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಜನರ ಬಾಯಲ್ಲಿ 'ಕರೆಂಟ್ ಇಡಿಸಿಕೊಳ್ಳುವುದು'. ಮಂಡಿ ನೋವು ಅಂತ ಆಸ್ಪತ್ರೆಗೆ ಹೋದರೆ ಎಕ್ಸ್‌ರೇ ತೆಗೆಸುತ್ತಾರೆ, ಸವೆತ ಅನ್ನುತ್ತಾರೆ, ಒಂದು ಚೀಟಿ ಬರೆದುಕೊಡುತ್ತಾರೆ. ಚೀಟಿಯಲ್ಲಿ 'ಐಎಫ್‌ಟಿ, 10 ಸಿಟಿಂಗ್' ಅಂತ ಇರುತ್ತದೆ. ಐಎಫ್‌ಟಿ ಅಂದರೆ ಪ್ಯಾಡ್ ಮೂಲಕ ಸಣ್ಣಗೆ ಕರೆಂಟ್ ಹಾಯಿಸುವ ಚಿಕಿತ್ಸೆ. ಆ ಚೀಟಿ ಹಿಡಿದು ಬಂದವರನ್ನು ನೇರವಾಗಿ ಮಂಚದ ಮೇಲೆ ಮಲಗಿಸಿ, ಮಂಡಿಗೆ ನಾಲ್ಕು ಪ್ಯಾಡ್ ಅಂಟಿಸಿ, ಮಿಷನ್ ಹಾಕಿ, ಪರದೆ ಎಳೆದರೆ ಆಯಿತು. ಕಾಲು ಗಂಟೆ ಜುಮ್ಮೆನ್ನುತ್ತದೆ. ಇಳಿದು ಚಪ್ಪಲಿ ಹಾಕಿಕೊಂಡು ಹೋಗುತ್ತಾರೆ. ಅವರು ಬಾಗಿಲಿಂದ ಮಂಚಕ್ಕೆ ಹೇಗೆ ಬಂದರು ಅಂತ ಯಾರೂ ನೋಡಿರುವುದಿಲ್ಲ.

ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಸಾಲಾಗಿ ಮಂಚ, ಮಂಚಕ್ಕೊಂದು ಮಿಷನ್ ಇದ್ದವು. ಎರಡು ಮಂಚದ ನಡುವೆ ಒಬ್ಬರು ಓರೆಯಾಗಿ ನಿಲ್ಲುವಷ್ಟು ಜಾಗ. ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಬೇಕು ಅಂದರೆ ಔಷಧಿ ಅಂಗಡಿ ಮುಂದಿನ ಸಾಲಿನ ಮಧ್ಯೆ ನಡೆಸಬೇಕಿತ್ತು. ಹಾಗೆ ನಡೆಸಿದ್ದಕ್ಕೆ ನನಗೆ ಬೈಗುಳ ಬಿದ್ದಿದೆ. 'ಅಷ್ಟು ಹೊತ್ತಿನಲ್ಲಿ ಇನ್ನೊಂದು ಪೇಷೆಂಟ್ ಮುಗಿಯುತ್ತಿತ್ತು' ಅಂದರು. ಆ ಮಾತು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಜನರನ್ನು ದೂರಿ ಪ್ರಯೋಜನವಿಲ್ಲ. ವರ್ಷಗಟ್ಟಲೆ ನಾವೇ ಅವರಿಗೆ ಇದನ್ನು ಕಲಿಸಿದ್ದೇವೆ. ಈಗ ನಾನು ನಡೆಯಿರಿ ಅಂದರೆ, 'ಕರೆಂಟ್ ಇಡಿ ಡಾಕ್ಟ್ರಮ್ಮ, ನಾ ನಡ್ಯೋದ್ ಏನ್ ನೋಡೀರಿ, ನಡ್ಕೊಂಡೇ ಅಲ್ವಾ ಬಂದಿದ್ದು' ಅಂತಾರೆ. 'ಅದನ್ನೇ ಅವ್ವ ನಾನು ನೋಡ್ಬೇಕು' ಅಂತೀನಿ.

ಕರೆಂಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಸ್ವಲ್ಪ ಹೊತ್ತು ನೋವು ಕಡಿಮೆ ಅನ್ನಿಸುತ್ತದೆ. ಲಕ್ವ ಆದವರಲ್ಲಿ ಪಾದ ಎತ್ತುವ ಸ್ನಾಯುವನ್ನು ಎಚ್ಚರಿಸಲು ಕರೆಂಟಿನ ಉಪಯೋಗ ಇದೆ. ಆದರೆ ಮಂಡಿ ಸವೆತಕ್ಕೆ ಬರೀ ಕರೆಂಟ್? ಇಂಗ್ಲೆಂಡಿನಲ್ಲಿ ಚಿಕಿತ್ಸೆಗಳನ್ನು ತೂಗಿ ನೋಡುವ 'ನೈಸ್' ಅನ್ನುವ ಸಂಸ್ಥೆ ಇದೆ. ಅದು 2022ರಲ್ಲಿ ಕೀಲು ಸವೆತದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಐಎಫ್‌ಟಿ, ಶಬ್ದದ ಅಲೆ ಕೊಡುವ ಅಲ್ಟ್ರಾಸೌಂಡ್ ಚಿಕಿತ್ಸೆ, ಟೆನ್ಸ್ ಅನ್ನುವ ಇನ್ನೊಂದು ಥರದ ಕರೆಂಟ್, ಲೇಸರ್ ಇವುಗಳನ್ನು ಕೊಡಬೇಡಿ, ಉಪಯೋಗ ಇದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ನೇರವಾಗಿ ಹೇಳಿದೆ. ಮುಖ್ಯ ಚಿಕಿತ್ಸೆ ಅಂತ ಹೇಳಿರುವುದು ವ್ಯಾಯಾಮವನ್ನು, ಅದೂ ಆಯಾ ಮನುಷ್ಯನಿಗೆ ಹೊಂದುವ ವ್ಯಾಯಾಮವನ್ನು. ಯಾರಿಗೆ ಯಾವುದು ಹೊಂದುತ್ತದೆ ಅಂತ ತಿಳಿಯುವುದು ಅವರು ಓಡಾಡುವುದನ್ನು ನೋಡಿದಾಗಲೇ ತಾನೆ?

ಪಾಂಡವಪುರ ಕಡೆಯಿಂದ ಐವತ್ತು ದಾಟಿದ ಹೆಂಗಸೊಬ್ಬರು ಬಂದಿದ್ದರು. ಬಲ ಮಂಡಿ ನೋವು. ಬೇರೆ ಕಡೆ ಕರೆಂಟ್ ಇಡಿಸಿಕೊಂಡು, ಬಿಸಿ ಶಾಖ ಕೊಡಿಸಿಕೊಂಡು ಸಾಕಾಗಿತ್ತು. ಕೈಯಲ್ಲಿ ಎಕ್ಸ್‌ರೇ ಕವರ್. ಅದನ್ನು ಆಮೇಲೆ ನೋಡೋಣ ಅಂತ ನನ್ನ ಕ್ಲಿನಿಕ್ಕಿನ ಉದ್ದದ ವರಾಂಡದಲ್ಲಿ ನಡೆಸಿದೆ. ಹಿಂದಿನಿಂದ ನೋಡಿದೆ. ಬಲಗಾಲಿನ ಮೇಲೆ ಭಾರ ಬಂದಾಗಲೆಲ್ಲ ಅವರ ಮೈ ಪೂರ್ತಿ ಬಲಕ್ಕೆ ವಾಲುತ್ತಿತ್ತು. ಎಡಗಾಲಿನ ಮೇಲೆ ನಿಂತಾಗ ನೆಟ್ಟಗಿರುತ್ತಿದ್ದರು. ಗೋಡೆಗೆ ಬೆರಳು ತಾಗಿಸಿಕೊಂಡು ಬಲಗಾಲೊಂದರ ಮೇಲೆ ನಿಲ್ಲಿ ಅಂದೆ. ಸೊಂಟದ ಎರಡೂ ಪಕ್ಕದ ಮೂಳೆಯ ಮೇಲೆ ನನ್ನ ಕೈ ಇಟ್ಟುಕೊಂಡಿದ್ದೆ. ಎಡಗಾಲು ನೆಲ ಬಿಟ್ಟ ಕೂಡಲೇ ಎಡಗಡೆ ಸೊಂಟ ಕೆಳಗೆ ಜಾರಿತು.

ಜರ್ಮನಿಯ ಸರ್ಜನ್ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಒಂಟಿ ಕಾಲಿನಲ್ಲಿ ನಿಂತಾಗ ಎದುರು ಪಕ್ಕದ ಸೊಂಟ ಜಾರಿದರೆ, ನಿಂತ ಕಾಲಿನ ಕಡೆಯ ಸೊಂಟದ ಪಕ್ಕದ ಸ್ನಾಯು ಸೋತಿದೆ ಅಂತ ಅರ್ಥ. ಇದನ್ನು ನೋಡಲು ಮಿಷನ್ ಬೇಕಿಲ್ಲ. ಎರಡು ಕೈ, ಎರಡು ಕಣ್ಣು ಸಾಕು. ಆಮೇಲೆ ಒಂದು ಮೆಟ್ಟಿಲು ಹತ್ತಿಸಿದೆ. ಬಲಗಾಲು ಊರಿ ಏಳುವಾಗ ಮಂಡಿ ಒಳಗಡೆ, ಎಡ ಮಂಡಿಯ ಕಡೆಗೆ ಬಾಗುತ್ತಿತ್ತು. ಮೇಲೆ ಸೊಂಟ ಹಿಡಿಯದಿದ್ದರೆ ಕೆಳಗೆ ಮಂಡಿ ತಡೆದುಕೊಳ್ಳಬೇಕು. ಅದು ದಿನಕ್ಕೆ ಸಾವಿರಾರು ಸಲ ಹಾಗೆ ತಡೆದುಕೊಂಡೇ ನೋಯುತ್ತಿತ್ತು. ಎಲ್ಲರೂ ಕರೆಂಟ್ ಇಟ್ಟಿದ್ದು ಮಂಡಿಗೆ, ಸೊಂಟದ ಕಡೆ ಯಾರೂ ತಿರುಗಿ ನೋಡಿರಲಿಲ್ಲ.

ಎಡಗೈ ಕಡೆಗೆ ಮಗ್ಗುಲಾಗಿ ಮಲಗಿ ಬಲಗಾಲು ಎತ್ತುವುದು, ಅಡುಗೆಮನೆ ಕಟ್ಟೆ ಹಿಡಿದು ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುವುದು, ತಗ್ಗಿನ ಮೆಟ್ಟಿಲನ್ನು ಮಂಡಿ ನೆಟ್ಟಗಿಟ್ಟುಕೊಂಡು ಹತ್ತುವುದು, ಇಷ್ಟೇ ಹೇಳಿಕೊಟ್ಟಿದ್ದು. ಊರುಗೋಲು ಬಲಗೈಯಲ್ಲಿ ಹಿಡಿಯುತ್ತಿದ್ದರು. ಎಡಗೈಗೆ ಬದಲಾಯಿಸಿದೆ. ಇದು ಎಲ್ಲರಿಗೂ ತಿಳಿದಿರಬೇಕಾದ ವಿಷಯ: ನೋವು ಯಾವ ಕಾಲಿಗೋ ಅದರ ಎದುರು ಕೈಯಲ್ಲಿ ಕೋಲು ಹಿಡಿಯಬೇಕು. ನೋಯುವ ಕಾಲು ಮುಂದಿಡುವಾಗ ಕೋಲೂ ಜೊತೆಗೇ ಮುಂದೆ ಹೋಗಬೇಕು. ಕೋಲಿನ ಎತ್ತರ, ಕೈ ಸುಮ್ನೆ ಕೆಳಗೆ ಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಷ್ಟು ಇರಬೇಕು. ನಾನು ರಸ್ತೆಯಲ್ಲಿ ನೋಡುವ ಕೋಲುಗಳಲ್ಲಿ ಎಷ್ಟೋ ಮಂದಿಯದು ಎತ್ತರವೂ ತಪ್ಪು, ಕೈಯೂ ತಪ್ಪು.

ಆ ಹೆಂಗಸಿನ ಎಕ್ಸ್‌ರೇ ಇವತ್ತು ತೆಗೆದರೂ ಹಾಗೇ ಇರುತ್ತದೆ. ಸವೆತ ಎಲ್ಲೂ ಹೋಗಿಲ್ಲ. ಆದರೆ ಸರ್ಕಾರಿ ಬಸ್ಸಿನ ಮೊದಲ ಮೆಟ್ಟಿಲನ್ನು ಯಾರೂ ಕೈ ಕೊಡದೆ ಹತ್ತುತ್ತಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಂಗಸರು ಬಸ್ ಚಾರ್ಜಿನ ಚಿಂತೆ ಇಲ್ಲದೆ ಚಿಕಿತ್ಸೆಗೆ ಬರುತ್ತಿದ್ದಾರೆ. ನನಗೆ ಅದರಿಂದ ತುಂಬ ಸಂತೋಷ. ಆದರೆ ಟಿಕೆಟ್ ಫ್ರೀ ಆದರೂ ಆ ಮೊದಲ ಮೆಟ್ಟಿಲು ಎತ್ತರ ಎತ್ತರವೇ. ಹಾಗಾಗಿ ನಾನು ಅಷ್ಟೇ ಎತ್ತರದ ಒಂದು ಮರದ ಪೆಟ್ಟಿಗೆ ಮಾಡಿಸಿ ಇಟ್ಟುಕೊಂಡಿದ್ದೇನೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಬಸ್ಸಿಗಾದರೂ ಅಷ್ಟೇ, ಚಾಮುಂಡಿ ಬೆಟ್ಟದ ಮೆಟ್ಟಿಲಿಗಾದರೂ ಅಷ್ಟೇ.

ಲಕ್ವದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೋಡದೆ ಚಿಕಿತ್ಸೆ ಮಾಡಿದರೆ ನಷ್ಟ ಇನ್ನೂ ಜಾಸ್ತಿ. ಮದ್ದೂರು ಕಡೆಯ ರೈತರೊಬ್ಬರು, ಎಡಗಡೆ ಬಿದ್ದಿತ್ತು. ಮಗ ತುಂಬ ಅಕ್ಕರೆಯವನು, ಅಪ್ಪನನ್ನು ದಿನಾ ಮನೆ ಮುಂದೆ ನಡೆಸುತ್ತಿದ್ದ. ಆದರೆ ಎಬ್ಬಿಸುವಾಗ ಹಿಡಿದು ಎಳೆಯುತ್ತಿದ್ದುದು ಎಡಗೈಯನ್ನು. ಲಕ್ವ ಆದ ಕೈಯನ್ನು ದಯವಿಟ್ಟು ಯಾರೂ ಎಳೆಯಬೇಡಿ. ಭುಜದ ಸ್ನಾಯುಗಳಿಗೆ ಶಕ್ತಿ ಇಲ್ಲದಾಗ ಕೀಲು ಜಾರುತ್ತದೆ, ಆಮೇಲೆ ಬರುವ ನೋವಿನಲ್ಲಿ ರಾತ್ರಿ ನಿದ್ದೆ ಇರುವುದಿಲ್ಲ. ಎಬ್ಬಿಸಬೇಕಾದರೆ ಸೊಂಟದ ಹತ್ತಿರ ಹಿಡಿಯಬೇಕು, ಇಲ್ಲವೇ ಬೆನ್ನಿನ ಹಿಂದೆ ಕೈ ಕೊಡಬೇಕು.

ಕುರ್ಚಿಯಿಂದ ಏಳಿ ಅಂದೆ. ಎದ್ದರು, ಆದರೆ ಪೂರ್ತಿ ಬಲಗಾಲಿನ ಮೇಲೆ. ಎಡಪಾದ ಮುಂದೆ ಚಾಚಿಕೊಂಡು ಸುಮ್ನೆ ಬಿದ್ದಿತ್ತು. ನಾವೆಲ್ಲ ಏಳುವಾಗ ಮೊದಲು ಪಾದ ಹಿಂದಕ್ಕೆ, ಮಂಡಿಗಿಂತ ಒಳಗೆ ಎಳೆದುಕೊಳ್ಳುತ್ತೇವೆ, ಮುಂದಕ್ಕೆ ಬಾಗುತ್ತೇವೆ, ಮೂಗು ಕಾಲ್ಬೆರಳ ನೇರಕ್ಕೆ ಬಂದ ಮೇಲೆ ಕುಂಡಿ ಎತ್ತುತ್ತೇವೆ. ಇಷ್ಟೆಲ್ಲ ನಮಗೆ ಗೊತ್ತಾಗದ ಹಾಗೆ ನಡೆದುಹೋಗುತ್ತದೆ. ಅವರಿಗೆ ಇದನ್ನು ಒಂದೊಂದಾಗಿ ಕೂಡಿಸಿಕೊಡಬೇಕು. ಎಡಪಾದವನ್ನು ಹಿಂದಕ್ಕೆ ಇಟ್ಟೆ, ಬಲಪಾದವನ್ನು ಒಂದು ಚೂರು ಮುಂದಕ್ಕೆ ಸರಿಸಿದೆ. ಈಗ ಎದ್ದರೆ ಎಡಗಾಲು ಕೆಲಸ ಮಾಡಲೇಬೇಕು. ಎಡತೊಡೆಯ ಮೇಲೆ ಕೈ ಇಟ್ಟು, ಸ್ನಾಯು ಬಿಗಿಯಾದದ್ದನ್ನು ಅವರಿಗೇ ಮುಟ್ಟಿ ನೋಡಿಸಿದೆ. 'ಇದ್ರಲ್ಲಿ ಇನ್ನೂ ಜೀವ ಅದೆ' ಅಂದರು.

ನಡೆಯುವಾಗ ಅವರು ಎಡಗಾಲನ್ನು ಅರ್ಧ ಸುತ್ತು ಹೊರಗೆ ತಿರುಗಿಸಿ ತಂದು ಹಾಕುತ್ತಿದ್ದರು. ಲಕ್ವ ಆದವರ ನಡಿಗೆ ಅಂದರೆ ಎಲ್ಲರ ಕಣ್ಣಿಗೆ ಬರುವ ಚಿತ್ರ ಅದೇ. ಆದರೆ ಕಾಲು ಹಾಗೆ ಸುತ್ತುವುದಕ್ಕೆ ಕಾರಣ ಒಂದೇ ಅಲ್ಲ. ಪಾದ ಮೇಲಕ್ಕೆ ಎತ್ತಲಾಗದೆ ಹೆಬ್ಬೆರಳು ನೆಲಕ್ಕೆ ಉಜ್ಜುತ್ತಿರಬಹುದು. ಮಂಡಿ ಮಡಚದೆ ಮರದ ಹಾಗೆ ನೆಟ್ಟಗೆ ಉಳಿದಿರಬಹುದು. ತೊಡೆಸಂದಿಯಿಂದ ಕಾಲನ್ನು ಮುಂದಕ್ಕೆ ಎತ್ತುವ ಶಕ್ತಿ ಇಲ್ಲದಿರಬಹುದು. ಮೂರರಲ್ಲೂ ಕಾಲು ಉದ್ದವಾದ ಹಾಗಾಗುತ್ತದೆ, ಅದಕ್ಕೇ ಹೊರಗಿನಿಂದ ಸುತ್ತಿಸಿ ತರುತ್ತಾರೆ. ಮೊದಲನೆಯದಕ್ಕೆ ಪಾದಕ್ಕೆ ಹಾಕುವ ಪ್ಲಾಸ್ಟಿಕ್ ಸ್ಪ್ಲಿಂಟ್ ತಕ್ಷಣ ಸಹಾಯ ಮಾಡುತ್ತದೆ. ಎರಡನೆಯದಕ್ಕೆ ಅದೇ ಸ್ಪ್ಲಿಂಟ್ ಸಾಕಾಗುವುದಿಲ್ಲ, ತೊಡೆಯ ಸ್ನಾಯುವಿನ ಬಿಗಿತ ನೋಡಬೇಕು. ಮೂರನೆಯದಕ್ಕೆ ಬಲ ಬರಿಸಬೇಕು. ಮಂಚದ ಮೇಲೆ ಮಲಗಿಸಿ 'ಕಾಲು ಎತ್ತಿ, ಇಳಿಸಿ' ಅಂದರೆ ಇದು ತಿಳಿಯುವುದಿಲ್ಲ. ಮಲಗಿದಾಗ ಎತ್ತುವ ಕಾಲು, ನಿಂತು ಭಾರ ಬಿದ್ದಾಗ ಬೇರೆ ಥರ ವರ್ತಿಸುತ್ತದೆ.

ಇವರಿಗೆ ಮುಖ್ಯವಾಗಿ ಪಾದದ್ದೇ ತೊಂದರೆ ಅಂತ ಮೊದಲು ಹೇಳಿದ್ದು ಅವರ ಚಪ್ಪಲಿ. ಎಡಗಾಲಿನ ಹವಾಯಿ ಚಪ್ಪಲಿ ಎರಡು ಹೆಜ್ಜೆಗೊಂದು ಸಲ ಕಳಚಿ ಹಿಂದೆ ಉಳಿಯುತ್ತಿತ್ತು. ಮುಂಭಾಗದ ಅಂಚು ಮಾತ್ರ ಸವೆದಿತ್ತು. ಮನೆಯಲ್ಲಿ ಲಕ್ವ ಆದವರಿದ್ದರೆ ಅವರ ಚಪ್ಪಲಿಯ ತಳ ಒಂದು ಸಲ ತಿರುಗಿಸಿ ನೋಡಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ.

ಅವರ ಆಸೆ ಏನು ಅಂತ ಕೇಳಿದ್ದೆ. ಗದ್ದೆ ಬದುವಿನ ಮೇಲೆ ನಡೆದು ತೂಬಿನ ತನಕ ಹೋಗಿ ನೀರು ತಿರುಗಿಸಬೇಕು ಅಂದರು. ಬದು ಅಂದರೆ ಒಂದೂವರೆ ಪಾದ ಅಗಲ, ಪಕ್ಕದಲ್ಲಿ ಕೆಸರು. ಕಾಲು ಹೊರಗೆ ಸುತ್ತಿಸಿದರೆ ಗದ್ದೆಗೇ ಬೀಳುತ್ತಾರೆ. ಹಾಗಾಗಿ ವರಾಂಡದ ನೆಲಕ್ಕೆ ಎರಡು ಟೇಪು ಅಂಟಿಸಿ, ಬದುವಿನ ಅಗಲ ಮಾಡಿ ಅದರೊಳಗೆ ನಡೆಸಿದೆ. ಸ್ಪ್ಲಿಂಟ್ ಹಾಕಿಕೊಂಡು, ಬಲಗೈಯಲ್ಲಿ ಕೋಲು ಹಿಡಿದು. ಈ ಅಭ್ಯಾಸ ಯಾವ ಮಿಷನ್ನಿನಲ್ಲೂ ಸಿಗುವುದಿಲ್ಲ. ಈಗ ಮಗನ ಜೊತೆ ತೂಬಿನವರೆಗೆ ಹೋಗುತ್ತಾರೆ. ಕೈ ಇನ್ನೂ ಪೂರ್ತಿ ಬಂದಿಲ್ಲ.

ನಡಿಗೆ ನೋಡುವುದಕ್ಕೂ ಒಂದು ಕ್ರಮ ಇದೆ. ಒಂದು ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ಒಂದು ಸುತ್ತು ಅಂತ ಲೆಕ್ಕ. ಆರೋಗ್ಯವಂತರಲ್ಲಿ ಅದಕ್ಕೆ ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಅದರಲ್ಲಿ ಶೇ 60ರಷ್ಟು ಹೊತ್ತು ಪಾದ ನೆಲದ ಮೇಲಿರುತ್ತದೆ, ಶೇ 40ರಷ್ಟು ಹೊತ್ತು ಗಾಳಿಯಲ್ಲಿರುತ್ತದೆ. ಕಾಲು ಗಾಳಿಯಲ್ಲಿರುವಾಗ ಮಂಡಿ ಸುಮಾರು 60 ಡಿಗ್ರಿ ಮಡಚುತ್ತದೆ. ಬೀಳುವ ಭಯ ಇರುವ ವಯಸ್ಸಾದವರಲ್ಲಿ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಹೊತ್ತು ಜಾಸ್ತಿಯಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಪಾರ್ಕಿನ್‌ಸನ್ ಅನ್ನುವ ಮಿದುಳಿನ ಕಾಯಿಲೆ ಇರುವವರ ಒಂದು ಕಡೆಯ ಕೈ ಬೀಸುವುದು ಕಡಿಮೆಯಾಗುತ್ತದೆ, ತಿರುಗುವಾಗ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಅವರಿಗೆ ನೆಲದ ಮೇಲೆ ಅಡ್ಡ ಗೆರೆ ಹಾಕಿಕೊಟ್ಟು ದಾಟಿ ಅಂದರೆ ಎಷ್ಟೋ ಸಲ ಸಲೀಸಾಗಿ ದಾಟುತ್ತಾರೆ. ಇದನ್ನು ನೋಡಿದ ಮನೆಯವರು ಬೆರಗಾಗುತ್ತಾರೆ.

ಈ ವಿದ್ಯೆಯನ್ನು ಒಂದು ಕ್ರಮಕ್ಕೆ ತಂದವರಲ್ಲಿ ಅಮೆರಿಕದ ಜ್ಯಾಕ್ವೆಲಿನ್ ಪೆರ್ರಿ ಅವರ ಹೆಸರು ದೊಡ್ಡದು. ಅವರು ಮೊದಲು ಫಿಸಿಯೋಥೆರಪಿಸ್ಟ್ ಆಗಿದ್ದವರು, ಆಮೇಲೆ ಮೂಳೆ ಸರ್ಜನ್ ಆದರು. ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆಯಲ್ಲಿ ಪೋಲಿಯೊ ಮತ್ತು ಲಕ್ವದ ರೋಗಿಗಳ ಜೊತೆ ದಶಕಗಟ್ಟಲೆ ಕೆಲಸ ಮಾಡಿ, ನಡಿಗೆಯನ್ನು ಹಂತ ಹಂತವಾಗಿ ಬಿಡಿಸಿ ನೋಡುವುದನ್ನು ಕಲಿಸಿದರು. ಪಾದದಿಂದ ಶುರು ಮಾಡಿ ಒಂದು ಸಲಕ್ಕೆ ಒಂದೇ ಕೀಲನ್ನು ನೋಡು, ಆಮೇಲೆ ಮೇಲಕ್ಕೆ ಹೋಗು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಒಟ್ಟಿಗೆ ಎಲ್ಲ ನೋಡಲು ಹೋದರೆ ಏನೂ ಕಾಣುವುದಿಲ್ಲ.

ಆದರೆ ಆ ಪುಸ್ತಕಗಳಲ್ಲಿ ನಮ್ಮ ಹಳ್ಳಿ ಮನೆ ಇಲ್ಲ. ನಡೆಯಲು ಮಂಡಿ 60 ಡಿಗ್ರಿ ಮಡಚಿದರೆ ಸಾಕು, ಕುಕ್ಕರಗಾಲಲ್ಲಿ ಕೂರಲು ಅದರ ಎರಡರಷ್ಟಕ್ಕಿಂತ ಜಾಸ್ತಿ ಬೇಕು. ನಮ್ಮವರಿಗೆ ಕಕ್ಕಸಿಗೆ ಕೂರಬೇಕು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂರಬೇಕು, ಹೊಸಿಲು ದಾಟಬೇಕು, ಒದ್ದೆ ಬಚ್ಚಲಲ್ಲಿ ತಿರುಗಬೇಕು. ಇದನ್ನೆಲ್ಲ ಮಾಡಿಸಿ ನೋಡಬೇಕು. ಕೂರಲು ಆಗುವುದಿಲ್ಲ ಅಂತ ಗೊತ್ತಾದರೆ ಕಕ್ಕಸಿಗೆ ಎತ್ತರದ ಕುರ್ಚಿ, ಗೋಡೆಗೆ ಹಿಡಿ ಹಾಕಿಸಿ ಅಂತ ಮೊದಲ ದಿನವೇ ಹೇಳಬಹುದು.

ಇನ್ನೊಂದು ವಿಷಯ, ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೆಂಗಸರ ನಡಿಗೆ ಸರಿಯಾಗಿ ನೋಡದೆ ಇರಲು ಒಂದು ಕಾರಣ ಸೀರೆ. ಸೀರೆಯೊಳಗೆ ಮಂಡಿ ಏನಾಗುತ್ತಿದೆ ಅಂತ ಯಾರಿಗೆ ಕಾಣುತ್ತದೆ? ಎತ್ತಿ ಕಟ್ಟಿ ಅನ್ನಲು ಗಂಡಸರಿಗೆ ಸಂಕೋಚ, ಕಟ್ಟಲು ಇವರಿಗೆ ನಾಚಿಕೆ. ಕೊನೆಗೆ ಯಾರೂ ನೋಡುವುದಿಲ್ಲ. ನಾನು ಬಾಗಿಲು ಹಾಕಿ, ಗಂಡಸರನ್ನು ಆಚೆ ಕಳಿಸಿ, 'ನಾಟಿಗೆ ಇಳಿವಾಗ ಕಟ್ತೀರಲ್ಲ ಅವ್ವ, ಹಂಗ್ ಕಟ್ಟಿ' ಅಂತೀನಿ. ತಕ್ಷಣ ಕಟ್ಟುತ್ತಾರೆ. ಬೇಕಾದವರಿಗೆ ದೊಗಲೆ ಚಡ್ಡಿ ಒಗೆದು ಇಟ್ಟಿರುತ್ತೇನೆ. ಪ್ರತಿ ಫಿಸಿಯೋಥೆರಪಿ ವಿಭಾಗದಲ್ಲೂ ಒಬ್ಬ ಹೆಣ್ಣು ಥೆರಪಿಸ್ಟ್, ಇಲ್ಲದಿದ್ದರೆ ಜೊತೆಗೆ ಒಬ್ಬ ನರ್ಸ್, ಮತ್ತು ಬಾಗಿಲು ಹಾಕಿಕೊಳ್ಳುವ ಜಾಗ ಇರಲೇಬೇಕು.

ಮಕ್ಕಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮೂರ್ನಾಲ್ಕು ವರ್ಷದ ಗಂಡುಮಗು ನೆಲದಿಂದ ಏಳುವಾಗ ಮೊದಲು ಕೈ ಊರಿ, ಆಮೇಲೆ ತನ್ನ ಮಂಡಿ, ತೊಡೆ ಹಿಡಿದು ತನ್ನ ಮೈಯನ್ನೇ ಹತ್ತಿದ ಹಾಗೆ ಎದ್ದರೆ, ತುದಿಗಾಲಲ್ಲಿ ನಡೆದರೆ, ಪದೇ ಪದೇ ಬಿದ್ದರೆ, ಸೋಮಾರಿ ಅಂತ ಗದರಬೇಡಿ. ಸ್ನಾಯು ಕ್ಷಯಿಸುವ ಡುಶೇನ್ ಅನ್ನುವ ಕಾಯಿಲೆಯ ಲಕ್ಷಣ ಅದಾಗಿರಬಹುದು, ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಅಂಗನವಾಡಿ ಅಕ್ಕಂದಿರಿಗೆ ಇದೊಂದನ್ನು ತೋರಿಸಿಕೊಟ್ಟರೆ ಸಾಕು, ಅವರು ದಿನಾ ಮಕ್ಕಳನ್ನು ನೋಡುವವರು, ಯಾರ ಕಣ್ಣಿಗಿಂತಲೂ ಮೊದಲು ಅವರ ಕಣ್ಣಿಗೆ ಬೀಳುತ್ತದೆ.

ಇದಕ್ಕೆಲ್ಲ ದೊಡ್ಡ ಲ್ಯಾಬ್ ಬೇಕಲ್ಲವೇ ಅಂತ ಕೇಳುತ್ತಾರೆ. ಮೈಮೇಲೆ ಹೊಳೆಯುವ ಗುಂಡು ಅಂಟಿಸಿ, ಸುತ್ತಲೂ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ನೆಲದೊಳಗೆ ಭಾರ ಅಳೆಯುವ ಹಲಗೆ ಹೂತು ನಡಿಗೆ ಅಳೆಯುವ ಲ್ಯಾಬ್‌ಗಳಿವೆ. ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಯಾವ ಆಪರೇಷನ್ ಮಾಡಬೇಕು ಅಂತ ತೀರ್ಮಾನಿಸಲು ಅವು ಬಹಳ ಉಪಯೋಗ. ನಮ್ಮ ತಾಲ್ಲೂಕು ಆಸ್ಪತ್ರೆಗೆ ನಾನು ಅದನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ಒಂದು ಕುರ್ಚಿ, ಒಂದು ಅಳತೆ ಟೇಪು, ಒಂದು ಗಡಿಯಾರ, ಮತ್ತು ಅಡ್ಡ ಏನೂ ಇಡದ ಕಾರಿಡಾರ್.

1991ರಲ್ಲಿ ಕೆನಡಾದಲ್ಲಿ ರೂಪಿಸಿದ ಒಂದು ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರಬೇಕು. ವಯಸ್ಸಾದವರಿಗೆ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಇನ್ನೊಂದು, 10 ಮೀಟರ್ ನಡೆಸಿ ಸೆಕೆಂಡ್ ಲೆಕ್ಕ ಹಾಕುವುದು. ಅಳತೆಯ ಗೆರೆಗೆ ಮುಂಚೆ, ಗೆರೆ ದಾಟಿದ ಮೇಲೆ ಎರಡೆರಡು ಮೀಟರ್ ಜಾಗ ಬಿಟ್ಟುಕೊಂಡರೆ ಒಳ್ಳೆಯದು. ಪೆರ್ರಿ ಮತ್ತು ಅವರ ಜೊತೆಯವರು 1995ರಲ್ಲಿ ಲಕ್ವ ಆದವರ ನಡಿಗೆಯ ವೇಗವನ್ನು ವಿಂಗಡಿಸಿ ತೋರಿಸಿದರು. ಸೆಕೆಂಡಿಗೆ 0.4 ಮೀಟರ್‌ಗಿಂತ ಕಡಿಮೆ ಇರುವವರು ಹೆಚ್ಚುಕಡಿಮೆ ಮನೆಯೊಳಗೇ ಓಡಾಡುತ್ತಾರೆ. 0.8 ದಾಟಿದವರು ಊರಲ್ಲಿ ಓಡಾಡಬಲ್ಲರು. ಅಂದರೆ 10 ಮೀಟರ್‌ಗೆ 25 ಸೆಕೆಂಡ್ ತೆಗೆದುಕೊಳ್ಳುವವರನ್ನು ಹನ್ನೆರಡೂವರೆ ಸೆಕೆಂಡಿಗೆ ತಂದರೆ ಅವರು ಮನೆಯಿಂದ ಆಚೆ ಬಂದ ಹಾಗೆ. ನಮ್ಮ ಮಂಡ್ಯದ ಹಳೇ ಬೆಂಗಳೂರು-ಮೈಸೂರು ರಸ್ತೆಯನ್ನು ಪೇಟೆಯೊಳಗೆ ದಾಟಿ ನೋಡಿದವರಿಗೆ ಈ ಸೆಕೆಂಡುಗಳ ಬೆಲೆ ಗೊತ್ತು. ನೋವು ಕಡಿಮೆ ಆಯ್ತಾ ಅಂತ ಕೇಳಿದರೆ ಪಾಪ, ನಮ್ಮ ಮನಸ್ಸು ನೋಯಬಾರದು ಅಂತ 'ಆಯ್ತು' ಅನ್ನುತ್ತಾರೆ. ಗಡಿಯಾರದಲ್ಲಿ ಎಷ್ಟು ಅಂತ ನೋಡಿದರೆ ನಿಜ ತಿಳಿಯುತ್ತದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದು ಸೆಕೆಂಡಿನಲ್ಲಿ ಮುಗಿಯುವ ಹೆಜ್ಜೆಯನ್ನು ಬರಿಗಣ್ಣಿನಲ್ಲಿ ಹಿಡಿಯುವುದು ಕಷ್ಟ, ಸ್ಲೋ ಮೋಷನ್‌ನಲ್ಲಿ ಸುಲಭ. ವಿಡಿಯೊ ನೋಡಿ ತಾನೇ ಮಂಡಿಯ ಡಿಗ್ರಿ ಲೆಕ್ಕ ಹಾಕುವ ಆ್ಯಪ್‌ಗಳೂ ಬಂದಿವೆ. ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಮಡಚುವ ಲೆಕ್ಕ ಪರವಾಗಿಲ್ಲ, ಕಾಲು ಒಳಗೆ ಹೊರಗೆ ತಿರುಗುವ ಲೆಕ್ಕ ಅಷ್ಟು ನಂಬುವ ಹಾಗಿಲ್ಲ, ಸೀರೆ ಪಂಚೆ ಇದ್ದರಂತೂ ಅವೂ ದಿಕ್ಕು ತಪ್ಪುತ್ತವೆ. ಆ್ಯಪ್ ಇರಲಿ, ಇಲ್ಲದಿರಲಿ, ವಿಡಿಯೊ ಮಾತ್ರ ತೆಗೆಯಿರಿ. ನಮ್ಮೆದುರು ನಡೆಯುವಾಗ ರೋಗಿಗಳು ಮೈಯೆಲ್ಲ ಬಿಗಿ ಮಾಡಿ ಚೆನ್ನಾಗಿ ನಡೆಯುತ್ತಾರೆ. ಮನೆಯಲ್ಲಿ, ರಾತ್ರಿ ಬಚ್ಚಲಿಗೆ ಹೋಗುವಾಗ ಹೇಗೆ ನಡೆಯುತ್ತಾರೆ ಅನ್ನುವುದೇ ನಮಗೆ ಬೇಕಾದದ್ದು. ಫೋನನ್ನು ಸೊಂಟದ ಎತ್ತರದಲ್ಲಿ ಅಲುಗದ ಹಾಗೆ ಇಟ್ಟು, ತಲೆಯಿಂದ ಪಾದದವರೆಗೂ ಕಾಣುವಷ್ಟು ದೂರದಿಂದ, ಒಂದು ಸಲ ಪಕ್ಕದಿಂದ, ಒಂದು ಸಲ ಹಿಂದಿನಿಂದ ತೆಗೆಯಿರಿ. ಬರಿಗಾಲಲ್ಲಿ ಒಂದು, ಚಪ್ಪಲಿ ಹಾಕಿ ಒಂದು. ಬೀಳುವ ಭಯ ಇದ್ದರೆ ಪಕ್ಕದಲ್ಲಿ ಒಬ್ಬರು ನಿಂತಿರಿ. ತೆಗೆಯುವ ಮುಂಚೆ ಅವರನ್ನು ಕೇಳಿ, ಬೇಡ ಅಂದರೆ ಬಿಡಿ. ಯಾವ ಕಾರಣಕ್ಕೂ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಅಪ್ಪ ಕಾಲೆಳೆದುಕೊಂಡು ನಡೆಯುವುದನ್ನು ನೆಂಟರೆಲ್ಲ ನೋಡಬೇಕಾಗಿಲ್ಲ.

ಇನ್ನು ನಾನು ಕೇಳಿಕೊಳ್ಳುವುದು ಜಿಲ್ಲೆಯ ಆರೋಗ್ಯ ಅಧಿಕಾರಿಗಳನ್ನು, ಚೀಟಿ ಬರೆಯುವ ಡಾಕ್ಟರ್‌ಗಳನ್ನು, ನನ್ನ ಜೊತೆಯ ಫಿಸಿಯೋಥೆರಪಿಸ್ಟ್‌ಗಳನ್ನು. ಹಿರಿಯ ನಾಗರಿಕರ ಆರೋಗ್ಯಕ್ಕಾಗಿ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇರಬೇಕು ಅಂತ ಇದೆ. ಹೊಸ ಕೋಣೆ ಕಟ್ಟುವಾಗ ಮಂಚ, ಮಿಷನ್ನಿಗೆ ಪಟ್ಟಿ ಮಾಡುವ ಮುಂಚೆ ನಡೆಯುವ ಜಾಗ ಬಿಡಿ. ಗೋಡೆಗೆ ಒಂದು ಹಿಡಿ ಹಾಕಿಸಿ. ಮೊದಲ ದಿನ ಒಬ್ಬ ರೋಗಿಗೆ ಅರ್ಧ ಗಂಟೆ ಕೊಡುವಷ್ಟು ಜನ ನೇಮಿಸಿ. ದಿನಕ್ಕೆ ಎಷ್ಟು ತಲೆ ನೋಡಿದಿರಿ ಅಂತ ಮಾತ್ರ ಲೆಕ್ಕ ಕೇಳುವುದನ್ನು ಬಿಟ್ಟು, ಬಂದಾಗ 10 ಮೀಟರ್‌ಗೆ ಎಷ್ಟು ಸೆಕೆಂಡ್ ಇತ್ತು, ಹೋಗುವಾಗ ಎಷ್ಟಾಯಿತು ಅಂತ ಲೆಕ್ಕ ಕೇಳಿ.

ಡಾಕ್ಟರ್‌ಗಳೇ, ಚೀಟಿಯಲ್ಲಿ ಕಾಯಿಲೆ ಏನು, ಬಿಪಿ ಎಷ್ಟು, ಏನು ಮಾಡಬಾರದು ಅಂತ ದಯವಿಟ್ಟು ಬರೆಯಿರಿ, ಅದು ನಮಗೆ ತುಂಬ ಮುಖ್ಯ. ಯಾವ ಮಿಷನ್, ಎಷ್ಟು ಸಿಟಿಂಗ್ ಅನ್ನುವುದನ್ನು ನಮಗೆ ಬಿಡಿ. 2021ರಲ್ಲಿ ಬಂದ ಕೇಂದ್ರದ ಕಾಯ್ದೆ ಫಿಸಿಯೋಥೆರಪಿಯನ್ನು ಒಂದು ವೃತ್ತಿ ಅಂತ ಗುರುತಿಸಿದೆ. ಆ ಗೌರವ ಉಳಿಸಿಕೊಳ್ಳಬೇಕಾದದ್ದು ನಾವೇ. ಪ್ಯಾಡ್ ಅಂಟಿಸಿ ಗುಂಡಿ ಒತ್ತುವುದಕ್ಕೆ ವರ್ಷಗಟ್ಟಲೆ ಓದಬೇಕಾಗಿಲ್ಲ.

ರೋಗಿಗಳಿಗೂ ಅವರ ಮನೆಯವರಿಗೂ ಹೇಳುತ್ತೇನೆ. ಎಲ್ಲಿಗೇ ಹೋಗಿ, ಮಂಚ ಹತ್ತುವ ಮುಂಚೆ 'ನಾನ್ ನಡ್ಯೋದ್ ಒಂದ್ಸಲ ನೋಡಿ' ಅಂತ ಕೇಳಿ. ಅದು ನಿಮ್ಮ ಹಕ್ಕು. ಪ್ಯಾಕೇಜ್ ದುಡ್ಡು ಕಟ್ಟುವ ಮುಂಚೆ, ನನ್ನ ನಡಿಗೆಯಲ್ಲಿ ಏನು ತೊಂದರೆ ಕಂಡಿತು, ಅದಕ್ಕೆ ಏನು ಮಾಡುತ್ತೀರಿ ಅಂತ ಕೇಳಿ ಬರೆಸಿಕೊಳ್ಳಿ.

ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಅವತ್ತು ಉಚಿತ ಶಿಬಿರ ಅಂತ ಶಾಮಿಯಾನ ಹಾಕಿ, ಸಾಲಾಗಿ ಕೂರಿಸಿ ಐದೈದು ನಿಮಿಷ ಕರೆಂಟ್ ಕೊಟ್ಟು ಕಳಿಸುವುದು ಬೇಡ. ಅದೇ ಶಾಮಿಯಾನದ ಕೆಳಗೆ 3 ಮೀಟರ್ ಟೇಪು ಅಂಟಿಸೋಣ. ಅರವತ್ತು ದಾಟಿದವರನ್ನೆಲ್ಲ ಎಬ್ಬಿಸಿ, ನಡೆಸಿ, ಮತ್ತೆ ಕೂರಿಸೋಣ, ಸೆಕೆಂಡ್ ಬರೆದುಕೊಡೋಣ, ಬೀಳುವ ಅಪಾಯ ಇರುವವರಿಗೆ ಅಲ್ಲೇ ವ್ಯಾಯಾಮ ಹೇಳಿಕೊಡೋಣ, ಕೋಲಿನ ಎತ್ತರ ಸರಿ ಮಾಡಿಕೊಡೋಣ. ಮಂಡ್ಯ, ಮೈಸೂರು ಜಿಲ್ಲೆಯ ಯಾವ ಊರಲ್ಲಿ ಹೀಗೆ ಶಿಬಿರ ಮಾಡುತ್ತೇವೆ ಅಂದರೂ ನಾನು ಬರುತ್ತೇನೆ. ಕೋಲು ಕತ್ತರಿಸುವ ಗರಗಸ, ತಳಕ್ಕೆ ಹಾಕುವ ರಬ್ಬರ್ ಬುಷ್ ನನ್ನ ಹತ್ತಿರವೇ ಇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್, ಮಂಡ್ಯ